ಬಿಸಿ ಬಲೆಯಿಂದ ಕೊಳವೆ ಹಾಡಿಸುವುದು: ಶಾಖದಿಂದ ತಾನಾಗಿ ಏಳುವ ಕಂಪನವನ್ನು ಕೈಯಾರೆ ಕಟ್ಟಿ ನೋಡುವ ಬಗೆ

ಎರಡೂ ಕಡೆ ಬಾಯಿ ತೆರೆದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಕೆಳಗಿನ ಕಾಲುಭಾಗದಲ್ಲಿ ಕೆಂಪಗೆ ಕಾದ ತಂತಿಬಲೆ ಇದ್ದರೆ ಕೊಳವೆ ದೊಡ್ಡ ದನಿಯಲ್ಲಿ ಹಾಡತೊಡಗುತ್ತದೆ. ಯಾರೂ ಊದಬೇಕಿಲ್ಲ. ಬಲೆಯ ಶಾಖವೇ ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ, ಆ ಕಂಪನವೇ ಬಲೆಯಿಂದ ಇನ್ನಷ್ಟು ಶಾಖವನ್ನು ಸರಿಯಾದ ಹೊತ್ತಿಗೆ ಎಳೆದುಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪೀಟರ್ ರೈಕೆ 1859ರಲ್ಲಿ ಇದನ್ನು ವಿವರಿಸಿದರು. ಅವರ ಗಾಜಿನ ಕೊಳವೆ ಸುಮಾರು 80 ಸೆಂ.ಮೀ. ಉದ್ದ, 3.5 ಸೆಂ.ಮೀ. ವ್ಯಾಸದ್ದು. ನಮ್ಮೂರಿನ ಬಾಲ್ಕನಿ ರೇಲಿಂಗ್‌ಗೆ ಹಾಕುವ ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ಅಳತೆಯೂ ಹೆಚ್ಚುಕಡಿಮೆ ಅದೇ, ಹಾಗಾಗಿ ಫ್ಯಾಬ್ರಿಕೇಶನ್ ಅಂಗಡಿಯ ತುಂಡು ಪೈಪಿನಲ್ಲೇ ಈ ಪ್ರಯೋಗ ಮುಗಿಯುತ್ತದೆ.

ಕಟ್ಟುವ ಮುಂಚೆ ಒಂದು ಮಾತು ಅರ್ಥವಾಗಿರಬೇಕು, ಇಲ್ಲದಿದ್ದರೆ ಕೊಳವೆ ಸುಮ್ಮನಾದಾಗ ಏನು ತಿದ್ದಬೇಕೆಂದು ತಿಳಿಯುವುದಿಲ್ಲ. ನಾಗರಪಂಚಮಿಗೆ ಕಟ್ಟಿದ ಜೋಕಾಲಿಯ ಮೇಲೆ ನಿಂತು ಜೀಕುವವರನ್ನು ನೋಡಿ. ಕುಕ್ಕರಿಸುವುದು, ಎದ್ದು ನಿಲ್ಲುವುದು ಇಷ್ಟೇ ಅವರ ಕೆಲಸ. ಸರಿಯಾದ ಹೊತ್ತಿಗೆ ಎದ್ದರೆ ಜೋಕಾಲಿ ಮೇಲೇರುತ್ತದೆ, ಅದೇ ಬಲ ಹಾಕಿ ತಪ್ಪು ಹೊತ್ತಿಗೆ ಎದ್ದರೆ ನಿಂತುಹೋಗುತ್ತದೆ. ಶಾಖಕ್ಕೂ ಇದೇ ನಿಯಮ ಎಂದು 1878ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಹೇಳಿದರು: ಗಾಳಿ ಹೆಚ್ಚು ಒತ್ತಿಕೊಂಡಿರುವಾಗ ಅದಕ್ಕೆ ಶಾಖ ಕೊಟ್ಟರೆ ಕಂಪನ ಬೆಳೆಯುತ್ತದೆ, ಸಡಿಲವಾಗಿರುವಾಗ ಕೊಟ್ಟರೆ ಅಡಗುತ್ತದೆ. ಎಷ್ಟು ಶಾಖ ಎಂಬುದಕ್ಕಿಂತ ಯಾವಾಗ ಎಂಬುದು ಮುಖ್ಯ.

ಈ ಹೊತ್ತು ಕೊಳವೆಯೊಳಗೆ ಹೇಗೆ ಕೂಡಿಬರುತ್ತದೆ? ಬಿಸಿ ಬಲೆಯಿಂದಾಗಿ ಕೊಳವೆಯಲ್ಲಿ ಚಿಮಣಿಯ ಹಾಗೆ ಮೇಲ್ಮುಖದ ಸೆಳೆತ ಇರುತ್ತದೆ. ಗಾಳಿ ಕಂಪಿಸುವಾಗ ಎರಡೂ ತುದಿಗಳಿಂದ ಒಟ್ಟಿಗೆ ಒಳನುಗ್ಗುತ್ತದೆ, ಆಮೇಲೆ ಒಟ್ಟಿಗೆ ಹೊರಹೋಗುತ್ತದೆ. ಕೆಳಗಿನ ಅರ್ಧದಲ್ಲಿ ಒಳನುಗ್ಗುವುದೆಂದರೆ ಮೇಲಕ್ಕೆ ಹೋಗುವುದು. ಅದು ಸೆಳೆತದ ಜೊತೆ ಕೂಡಿಕೊಂಡು ಬಲೆಯ ಮೇಲೆ ಗಾಳಿ ಜೋರಾಗಿ ಹಾಯುತ್ತದೆ, ಬಲೆ ಹೆಚ್ಚು ಶಾಖ ಬಿಡುತ್ತದೆ. ಒಳನುಗ್ಗಿದ ಗಾಳಿ ನಡುವೆ ಒತ್ತಿಕೊಳ್ಳುವುದು ಅದಾದ ಕಾಲು ಆವರ್ತದ (ಕಂಪನದ ಒಂದು ಪೂರ್ತಿ ಸುತ್ತಿನ ಕಾಲುಭಾಗದ) ನಂತರ. ಶಾಖವೇನಾದರೂ ಕ್ಷಣವೂ ತಡಮಾಡದೆ ಗಾಳಿಗೆ ದಾಟಿದ್ದರೆ ಲಾಭ ನಷ್ಟ ಸರಿಹೋಗಿ ಕಂಪನ ಬೆಳೆಯುತ್ತಲೇ ಇರಲಿಲ್ಲ. ಆದರೆ ತಂತಿಯನ್ನು ಅಂಟಿಕೊಂಡ ತೆಳುವಾದ ಗಾಳಿಪದರ ಬಿಸಿಯಾಗಿ ಹೊರಡಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಅರ್ಧ ಮಿ.ಮೀ. ತಂತಿಗೆ ಅದು ಮಿಲಿಸೆಕೆಂಡಿನ ಸುಮಾರು ಕಾಲುಭಾಗ. ಈ ತಡವೇ ಶಾಖವನ್ನು ಒತ್ತಡದ ಏರಿಕೆಯ ಕಡೆಗೆ ಸರಿಸುತ್ತದೆ. ಮೇಲಿನ ಅರ್ಧದಲ್ಲಿ ಎಲ್ಲವೂ ತಿರುಗುಮುರುಗು: ಅಲ್ಲಿ ಒಳನುಗ್ಗುವ ಗಾಳಿ ಕೆಳಮುಖ, ಸೆಳೆತಕ್ಕೆ ಎದುರು. ಬಲೆಯನ್ನು ಅಲ್ಲಿಟ್ಟರೆ ಕಂಪನ ಸಾಯುತ್ತದೆ.

ಬಲೆ ಎಲ್ಲಿರಬೇಕು ಎಂಬ ಲೆಕ್ಕ ಇದರಿಂದಲೇ ಬರುತ್ತದೆ. ಒತ್ತಡದ ಏರಿಳಿತ ನಟ್ಟನಡುವೆ ಹೆಚ್ಚು, ತುದಿಗಳಲ್ಲಿ ಸೊನ್ನೆ. ಗಾಳಿಯ ಓಡಾಟ ತುದಿಗಳಲ್ಲಿ ಹೆಚ್ಚು, ನಡುವೆ ಸೊನ್ನೆ. ಎರಡರ ಗುಣಲಬ್ಧ ಅತಿ ಹೆಚ್ಚಾಗುವುದು ಕೆಳತುದಿಯಿಂದ ಉದ್ದದ ಕಾಲುಭಾಗದಲ್ಲಿ. 80 ಸೆಂ.ಮೀ. ಕೊಳವೆಯಲ್ಲಿ 20 ಸೆಂ.ಮೀ. ಎತ್ತರದಲ್ಲಿ ಪೂರ್ಣ ಬಲ, 10 ಅಥವಾ 30 ಸೆಂ.ಮೀ.ನಲ್ಲಿ ಅದರ ಶೇ. 71, 40 ಸೆಂ.ಮೀ.ನಲ್ಲಿ ಸೊನ್ನೆ. ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ.

ಗ್ಯಾಸ್ ಜ್ವಾಲೆಯಿಂದ ಹಾಡಿಸುವುದು

ಬೇಕಾದವು:

38 ಮಿ.ಮೀ. ಹೊರವ್ಯಾಸ, 1.2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಪೈಪು, 80 ಸೆಂ.ಮೀ. (ಒಳವ್ಯಾಸ 35.6 ಮಿ.ಮೀ. ಬರುತ್ತದೆ).
ಸ್ಟೇನ್‌ಲೆಸ್ ಸ್ಟೀಲ್ ಜರಡಿ ಬಲೆ, ತಂತಿ 0.5 ಮಿ.ಮೀ., ಕಣ್ಣು 1.2 ಮಿ.ಮೀ., ಎರಡು ಅಂಗೈಯಗಲದ ತುಂಡುಗಳು.
ಲ್ಯಾಬಿನ ಬುನ್ಸೆನ್ ಬರ್ನರ್ ಅಥವಾ ಪ್ಲಂಬರ್‌ಗಳು ಬಳಸುವ ಗ್ಯಾಸ್ ಟಾರ್ಚ್.
ಸ್ಟ್ಯಾಂಡು, ಹಿಡಿಕೆ, ವೆಲ್ಡಿಂಗ್‌ನವರ ಚರ್ಮದ ಕೈಗವಸು, ಕನ್ನಡಕ.

ಪೈಪಿನ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಬೇಡಿ. ಜಿಐ ಪೈಪು ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಮೇಲಿನ ಸತುವಿನ ಲೇಪ ಜ್ವಾಲೆಗೆ ಸಿಕ್ಕಿದರೆ ಬರುವ ಹೊಗೆ ಉಸಿರಾಟಕ್ಕೆ ಕೆಟ್ಟದ್ದು, ಜ್ವರ ಬರಿಸುತ್ತದೆ. ಪಿವಿಸಿ ಕರಗುತ್ತದೆ. ಹಳೆಯ ಟ್ಯೂಬ್‌ಲೈಟಿನ ಗಾಜು ಅಳತೆಗೆ ಸರಿಹೊಂದುವಂತೆ ಕಂಡರೂ ಮುಟ್ಟಬೇಡಿ: ಒಳಗೆ ಪಾದರಸ ಇರುತ್ತದೆ, ಬಿಸಿಗೆ ಸೀಳುತ್ತದೆ. ಗಾಜೇ ಬೇಕೆಂದರೆ ಬೊರೊಸಿಲಿಕೇಟ್ (ಬಿಸಿ ತಡೆಯುವ ಲ್ಯಾಬಿನ ಗಾಜು) ಮಾತ್ರ. ಪೈಪಿನಲ್ಲಿ ರೇಲಿಂಗ್ ಸ್ಕ್ರೂವಿನ ತೂತು ಇರಕೂಡದು. ತುದಿಗಳನ್ನು ಅರದಿಂದ ಉಜ್ಜಿ ಚೂಪು ತೆಗೆಯಿರಿ.

ಬಲೆಯಿಂದ 48 ಮಿ.ಮೀ. ವ್ಯಾಸದ ಎರಡು ಬಿಲ್ಲೆ ಕತ್ತರಿಸಿ. ಒಂದರ ಮೇಲೊಂದು ಇಟ್ಟು, ಕಣ್ಣುಗಳು ಒಂದಕ್ಕೊಂದು ಓರೆಯಾಗುವಂತೆ ಸ್ವಲ್ಪ ತಿರುಗಿಸಿ. ಅಂಚಿನಲ್ಲಿ ಎಂಟು ಕಡೆ ಸೀಳಿ, ಸುತ್ತಲೂ 6 ಮಿ.ಮೀ. ಮಡಚಿದರೆ ಡಬ್ಬಿಯ ಮುಚ್ಚಳದ ಆಕಾರ ಬರುತ್ತದೆ. ಈ ಮಡಿಕೆಯೇ ಸ್ಪ್ರಿಂಗಿನ ಹಾಗೆ ಪೈಪಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಒಂದು ಕೋಲಿಗೆ 20 ಸೆಂ.ಮೀ. ಗುರುತು ಹಾಕಿ, ಕೆಳಬಾಯಿಯಿಂದ ಆ ಗುರುತಿನವರೆಗೆ ಬಲೆಯನ್ನು ತಳ್ಳಿ. ಟಾರ್ಚ್ ಬೆಳಕು ಬಿಟ್ಟು ನೋಡಿ. ಬಲೆ ಅಡ್ಡವಾಗಿ ಸಮತಟ್ಟಾಗಿರಬೇಕು, ಅಂಚಿನಲ್ಲಿ ಬೆಳಕಿನ ಅರ್ಧಚಂದ್ರ ಕಾಣಬಾರದು.

ಪೈಪನ್ನು ಸ್ಟ್ಯಾಂಡಿಗೆ ನೆಟ್ಟಗೆ ಬಿಗಿಯಿರಿ. ಬರ್ನರ್ ಸರಾಗವಾಗಿ ಒಳಗೆ ಹೊರಗೆ ಆಡುವಷ್ಟು ಜಾಗ ಕೆಳಗಿರಲಿ. ಫ್ಯಾನ್ ಆರಿಸಿ. ಜ್ವಾಲೆಯ ನೀಲಿ ತುದಿ ಬಲೆಗೆ ತಾಗುವಂತೆ ಕೆಳಬಾಯಿಯಿಂದ 30ರಿಂದ 40 ಸೆಕೆಂಡು ಕಾಯಿಸಿ, ಆದರೆ ಬರ್ನರ್‌ನಿಂದ ಬಾಯಿ ಪೂರ್ತಿ ಮುಚ್ಚಬೇಡಿ, ಗಾಳಿಯೂ ಒಳಬರಬೇಕು. ಬಲೆ ಕೆಂಪಾದದ್ದನ್ನು ಕೆಳಗೆ ಇಟ್ಟ ಸಣ್ಣ ಕನ್ನಡಿಯಲ್ಲಿ ನೋಡಿ. ಮೇಲ್ಬಾಯಿಯಿಂದ ಇಣುಕಿದರೆ ಮುಖ ಸುಡುತ್ತದೆ.

ಈಗ ಬರ್ನರ್ ತೆಗೆಯಿರಿ. ಒಂದೆರಡು ಸೆಕೆಂಡು ಮೌನ, ಆಮೇಲೆ ದನಿ ಎದ್ದು ತುಂಬಿಕೊಳ್ಳುತ್ತದೆ, ಹಲವು ಸೆಕೆಂಡು ನಿಂತು ಕುಗ್ಗುತ್ತದೆ. ಜ್ವಾಲೆ ಕೆಳಗಿರುವಾಗ ಕೊಳವೆ ಹಾಡದೆ, ತೆಗೆದ ಮೇಲೆ ಹಾಡುವುದನ್ನು ಕಂಡು ಹಲವರು ಬೆರಗಾಗುತ್ತಾರೆ. ಜ್ವಾಲೆಯಿದ್ದಷ್ಟು ಹೊತ್ತು ಬಲೆಗೆ ಬರುವ ಅನಿಲವೇ ಬಲೆಯಷ್ಟು ಬಿಸಿ, ಬಲೆಯಿಂದ ಅದಕ್ಕೆ ಕೊಡಲು ಏನೂ ಉಳಿದಿರುವುದಿಲ್ಲ. ತಣ್ಣನೆಯ ಗಾಳಿ ಕಾದ ತಂತಿಗೆ ತಾಗಿದಾಗಲೇ ಶಾಖ ದಾಟುವುದು. ಬಿಸಿ ತಣಿವುಗಳ ಈ ಅಂತರ ಎಷ್ಟು ದೊಡ್ಡದೋ ದನಿ ಅಷ್ಟು ಜೋರು.

ಹಾಡುತ್ತಿರುವಾಗಲೇ ಚರ್ಮದ ಕೈಗವಸು ಹಾಕಿಕೊಂಡು ಕೊಳವೆಯನ್ನು ಅಡ್ಡಕ್ಕೆ ಮಲಗಿಸಿ. ದನಿ ಕತ್ತರಿಸಿದಂತೆ ನಿಲ್ಲುತ್ತದೆ. ಮತ್ತೆ ನೆಟ್ಟಗೆ ಮಾಡಿದರೆ, ಬಲೆಯಲ್ಲಿ ಶಾಖ ಉಳಿದಿದ್ದರೆ, ಮತ್ತೆ ಏಳುತ್ತದೆ. ಅಡ್ಡ ಮಲಗಿದಾಗ ಬಲೆ ತಣ್ಣಗಾಗಿರುವುದಿಲ್ಲ, ಮೇಲ್ಮುಖದ ಸೆಳೆತ ಹೋಗಿರುತ್ತದೆ. ಸೆಳೆತವಿಲ್ಲದಿದ್ದರೆ ಗಾಳಿ ಆಚೆ ಹೋದಾಗಲೂ ಈಚೆ ಬಂದಾಗಲೂ ಒಂದೇ ಬಗೆಯಲ್ಲಿ ಶಾಖ ಪಡೆಯುತ್ತದೆ, ಒಳನುಗ್ಗುವ ಹೊತ್ತಿಗೆ ಮಾತ್ರ ಹೆಚ್ಚು ಎಂಬ ಪಕ್ಷಪಾತ ಇರುವುದಿಲ್ಲ.

ಸ್ವರದ ಲೆಕ್ಕ

ತೆರೆದ ತುದಿಗಳಿಂದ ಗಾಳಿಯ ಕಂಪನ ಸ್ವಲ್ಪ ಹೊರಗೂ ಚಾಚುವುದರಿಂದ ಉದ್ದಕ್ಕೆ ವ್ಯಾಸದ 0.6ರಷ್ಟು ಸೇರಿಸಬೇಕು: 80 + 2.1 = 82.1 ಸೆಂ.ಮೀ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್. ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 213 ಹರ್ಟ್ಜ್. ಆದರೆ ಬಲೆಯ ಮೇಲಿನ 60 ಸೆಂ.ಮೀ. ಗಾಳಿ ಬಿಸಿ. ಅದು ಸರಾಸರಿ 150 ಡಿಗ್ರಿ ಇದ್ದರೆ ಅಲ್ಲಿ ಶಬ್ದದ ವೇಗ 412 ಮೀಟರ್ ಆಗಿ, ಒಟ್ಟು ಲೆಕ್ಕ 240 ಹರ್ಟ್ಜ್ ಹತ್ತಿರ ಬರುತ್ತದೆ. ಅಂದರೆ ಹಾರ್ಮೋನಿಯಂನ ಕಪ್ಪು 5, ಬಿಳಿ 7ರ ನಡುವೆ. ಮೊಬೈಲಿನಲ್ಲಿ ಶ್ರುತಿ ನೋಡುವ ಯಾವ ಆ್ಯಪ್ ಆದರೂ ಅಳೆಯಲು ಸಾಕು. ಬಲೆ ತಣಿದಂತೆ ಸ್ವರ ನಿಧಾನಕ್ಕೆ ಇಳಿಯುವುದನ್ನೂ ಕಾಣಬಹುದು, ಅದು ದೋಷವಲ್ಲ. ಆಪ್‌ನಲ್ಲಿ ಬಂದ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಒಳಗಿನ ಗಾಳಿಯ ಸರಾಸರಿ ತಾಪವನ್ನು ಅಂದಾಜು ಮಾಡುವುದು ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ.

ವಿದ್ಯುತ್ತಿನಿಂದ, ನಿಲ್ಲದ ಹಾಡು

ಜ್ವಾಲೆಯ ಪ್ರಯೋಗ ಚೆಂದ, ಆದರೆ ಅದರಲ್ಲಿ ಅಳೆಯುವುದು ಕಷ್ಟ. ಬಲೆಯ ಜಾಗದಲ್ಲಿ ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹದ) ಹೀಟರ್ ತಂತಿ ಹಾಕಿದರೆ ಶಾಖವನ್ನು ಏರಿಸಬಹುದು, ಇಳಿಸಬಹುದು, ಕಂಪನ ಯಾವ ಹಂತದಲ್ಲಿ ಹುಟ್ಟುತ್ತದೆ ಎಂದು ಗುರುತಿಸಬಹುದು.

230 ವೋಲ್ಟನ್ನು ನೇರವಾಗಿ ಲೋಹದ ಪೈಪಿನೊಳಗೆ ಒಯ್ಯುವ ಯೋಚನೆಯನ್ನೇ ಬಿಡಿ. 24 ವೋಲ್ಟ್, 10 ಆಂಪಿಯರ್‌ನ ಡಿಸಿ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಪೆಟ್ಟಿಗೆ) ತೆಗೆದುಕೊಳ್ಳಿ, ಅದರ ಮೇನ್ಸ್ ತಿರುಪುಗಳಿಗೆ ಮುಚ್ಚಳ ಇರಲಿ, ಅರ್ಥ್ ಕೊಟ್ಟಿರಲಿ. ಡಿಸಿ ಬೇಕೆನ್ನಲು ಇನ್ನೊಂದು ಕಾರಣವಿದೆ. ನಮ್ಮ ಎಸಿ 50 ಹರ್ಟ್ಜ್, ಅದರಲ್ಲಿ ತಂತಿಯ ಶಾಖ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಆಗ ಕೊಳವೆ ತಾನಾಗಿ ಕಂಪಿಸುತ್ತಿದೆಯೋ ಕರೆಂಟು ಕಂಪಿಸುತ್ತಿದೆಯೋ ಎಂಬ ವಾದಕ್ಕೆ ಎಡೆಯಾಗುತ್ತದೆ. ಸ್ಥಿರವಾದ ಡಿಸಿಯಲ್ಲಿ ಏರಿಳಿತದ ಮೂಲವೇ ಇಲ್ಲ. ಅಲ್ಲಿಯೂ ದನಿ ಎದ್ದರೆ ಅದು ಕೊಳವೆಯದೇ.

22 ಗೇಜ್ ನಿಕ್ರೋಮ್ ತಂತಿ (0.71 ಮಿ.ಮೀ.) ಮೀಟರಿಗೆ ಸುಮಾರು 2.75 ಓಮ್. 90 ಸೆಂ.ಮೀ. ತುಂಡಿಗೆ 2.5 ಓಮ್ ಆಗುತ್ತದೆ. 24 ವೋಲ್ಟಿಗೆ ಮೊದಲು 9.6 ಆಂಪಿಯರ್ ಎಳೆದು, ಕಾದ ಮೇಲೆ 9 ಆಂಪಿಯರ್ ಹತ್ತಿರ ನಿಲ್ಲುತ್ತದೆ. ಅಂದರೆ 215 ವ್ಯಾಟ್ ಆಸುಪಾಸು. ತಂತಿ ಕಿತ್ತಳೆ ಬಣ್ಣಕ್ಕೆ ಕಾಯುತ್ತದೆ. 90 ಸೆಂ.ಮೀ.ಗಿಂತ ಗಿಡ್ಡ ಮಾಡಿದರೆ ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ಆರಿಹೋಗಬಹುದು.

ತಂತಿಯನ್ನು 4 ಮಿ.ಮೀ. ಸರಳಿಗೆ ಸುತ್ತಿದರೆ ಹೆಚ್ಚುಕಡಿಮೆ 60 ಸುತ್ತು ಬರುತ್ತದೆ. ಸುತ್ತುಗಳು ಒಂದಕ್ಕೊಂದು ತಾಗದಂತೆ 18 ಸೆಂ.ಮೀ.ಗೆ ಎಳೆಯಿರಿ. ಇದನ್ನು ಹೊರಲು ಇಸ್ತ್ರಿಪೆಟ್ಟಿಗೆ ರಿಪೇರಿಯವರ ಬಳಿ ಸಿಗುವ ಮೈಕಾ ಹಾಳೆಯ ಎರಡು ಪಟ್ಟಿಗಳನ್ನು ಕತ್ತರಿಸಿ, ಹೇರ್ ಡ್ರೈಯರ್ ಒಳಗಿರುವ ಹಾಗೆ ಒಂದಕ್ಕೊಂದು ಸಿಕ್ಕಿಸಿ ಕೂಡುಚಿಹ್ನೆಯ ಆಕಾರ ಮಾಡಿ. ಅಂಚುಗಳಲ್ಲಿ ಸೀಳು ಹಾಕಿ ಸುರುಳಿಯನ್ನು ಕೂರಿಸಿ. ಹೀಟರಿನ ಎತ್ತರ 2 ಸೆಂ.ಮೀ. ಮೀರದಿರಲಿ. ಅದರ ಸುತ್ತ, ಪೈಪಿನ ಒಳಗೋಡೆಗೆ ತಾಗುವಂತೆ, 6 ಸೆಂ.ಮೀ. ಎತ್ತರದ ಮೈಕಾ ಸುರುಳಿಯೊಂದನ್ನು ಹಾಕಿ. ತಂತಿ ಪೈಪಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಆದ್ದರಿಂದ ಕರೆಂಟು ಕೊಡುವ ಮುಂಚೆ ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ.

ಹೆಚ್ಚಿನವರು ಸೋಲುವುದು ಜೋಡಣೆಯ ಜಾಗದಲ್ಲಿ. ನಿಕ್ರೋಮಿಗೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ಸಾಮಾನ್ಯ ಬೆಸುಗೆ 190 ಡಿಗ್ರಿಯೊಳಗೇ ಕರಗಿ ಬೀಳುತ್ತದೆ. ಮೇಲಿನ 90 ಸೆಂ.ಮೀ. ಬಿಟ್ಟು ಎರಡೂ ತುದಿಯಲ್ಲಿ ಹೆಚ್ಚುವರಿ ತಂತಿ ಉಳಿಸಿ, ಅದನ್ನು ಜೋಡಿಯಾಗಿ ಹೊಸೆಯಿರಿ. ದಪ್ಪವಾದ ಆ ಭಾಗ ಕಡಿಮೆ ಕಾಯುತ್ತದೆ. ಅದನ್ನು ಪಿಂಗಾಣಿ ಕನೆಕ್ಟರಿನ ಹಿತ್ತಾಳೆ ತಿರುಪಿನಲ್ಲಿ 2.5 ಚದರ ಮಿ.ಮೀ. ತಾಮ್ರದ ತಂತಿಗೆ ಬಿಗಿಯಿರಿ. ಕನೆಕ್ಟರ್ ಯಾವಾಗಲೂ ಹೀಟರಿನ ಕೆಳಗೆ, ತಣ್ಣನೆ ಗಾಳಿ ಬರುವ ಕಡೆ ಇರಬೇಕು. ತಾಮ್ರಕ್ಕೆ ಫೈಬರ್‌ಗ್ಲಾಸ್ ತೋಳು ತೊಡಿಸಿ.

ಎಸ್‌ಎಂಪಿಎಸ್ ಮತ್ತು ಹೀಟರ್ ನಡುವೆ ಡಿಸಿ ಮೋಟಾರಿನ ವೇಗ ತಗ್ಗಿಸುವ 20 ಆಂಪಿಯರ್‌ನ ಕಂಟ್ರೋಲರ್ ಹಾಕಿದರೆ ಶಾಖವನ್ನು ಹಂತಹಂತವಾಗಿ ಏರಿಸಬಹುದು. ಅದು ಕರೆಂಟನ್ನು ವೇಗವಾಗಿ ಕಡಿದು ಕೊಡುವುದರಿಂದ ತಂತಿಯಲ್ಲಿ ಸಣ್ಣ ಕೀರಲು ಕೇಳಬಹುದು. 220ರಿಂದ 240 ಹರ್ಟ್ಜ್‌ನ ತುಂಬು ದನಿಗೂ ಇದಕ್ಕೂ ಗೊಂದಲವಾಗದು. ಸಂಶಯ ಬಂದರೆ ಕಂಟ್ರೋಲರನ್ನು ಪೂರ್ತಿ ಏರಿಸಿ, ಆಗ ಕಡಿತವೇ ಇರುವುದಿಲ್ಲ.

ಪ್ರತಿ ಹಂತದಲ್ಲೂ ಎರಡು ನಿಮಿಷ ಕಾಯಿರಿ, ಪೈಪಿನ ಗೋಡೆಯೂ ಬಿಸಿಗೆ ಹೊಂದಿಕೊಳ್ಳಬೇಕು. ಯಾವ ವ್ಯಾಟಿಗೆ ದನಿ ಎದ್ದಿತು ಎಂದು ಬರೆದುಕೊಳ್ಳಿ. ಈಗ ನಿಧಾನಕ್ಕೆ ಇಳಿಸುತ್ತಾ ಬನ್ನಿ. ದನಿ ಎದ್ದ ಅಂಕಿಯಲ್ಲೇ ನಿಲ್ಲುವುದಿಲ್ಲ, ಅದಕ್ಕಿಂತ ಕೆಳಗೆ ಹೋದ ಮೇಲೆ ನಿಲ್ಲುತ್ತದೆ. ಎರಡು ಅಂಕಿಗಳ ನಡುವಿನ ಈ ಪಟ್ಟಿ ಇಡೀ ಪ್ರಯೋಗದ ಅತ್ಯಂತ ಬೆಲೆಯುಳ್ಳ ಭಾಗ. ಅದರೊಳಗೆ ಶಾಖ ಇರುವಾಗ ಕೊಳವೆ ಮೌನವಾಗಿಯೂ ಇರಬಲ್ಲದು, ಹಾಡುತ್ತಲೂ ಇರಬಲ್ಲದು. ಮೌನವಾಗಿರುವ ಕೊಳವೆಯ ಕೆಳಬಾಯಿಯ ಬಳಿ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಒಂದು ತಟ್ಟಿಗೆ ಎದ್ದು ಹಾಡತೊಡಗಿದರೆ ನಿಮ್ಮ ಕೊಳವೆ ಆ ಪಟ್ಟಿಯಲ್ಲಿದೆ.

ರಾಕೆಟ್ ಎಂಜಿನ್ ಕಟ್ಟುವವರು ಹೆದರುವುದು ಇದೇ ಪಟ್ಟಿಗೆ. ಅಮೆರಿಕದ ಅಪೊಲೊ ಚಂದ್ರಯಾತ್ರೆಯ ಸ್ಯಾಟರ್ನ್ 5 ರಾಕೆಟ್ಟಿನ ಎಫ್-1 ಎಂಜಿನ್ 1960ರ ದಶಕದ ಆರಂಭದಲ್ಲಿ ಇಂಥ ಕಂಪನದಿಂದ ಪರೀಕ್ಷೆಯಲ್ಲೇ ಒಡೆದುಹೋಗುತ್ತಿತ್ತು. ಉರಿಯುವ ಕೋಣೆಯೊಳಗೆ ಬೇಕೆಂದೇ ಸಣ್ಣ ಬಾಂಬು ಸಿಡಿಸಿ, ಎದ್ದ ಕಂಪನ ಸೆಕೆಂಡಿನ ಸಣ್ಣ ಭಾಗದೊಳಗೆ ತಾನಾಗಿ ಅಡಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು. ನಿಮ್ಮ ಚಪ್ಪಾಳೆಯ ಕೆಲಸವನ್ನೇ ಅಲ್ಲಿ ಬಾಂಬು ಮಾಡುತ್ತಿತ್ತು. ಇಂಧನ ಸಿಂಪಡಿಸುವ ತಟ್ಟೆಯ ಮೇಲೆ ತಡೆಗೋಡೆಗಳನ್ನು ನಿಲ್ಲಿಸಿದ್ದು ಪರಿಹಾರದ ದೊಡ್ಡ ಭಾಗ. ನಮ್ಮಲ್ಲಿ ಐಐಟಿ ಮದ್ರಾಸ್‌ನಲ್ಲಿ ಗ್ಯಾಸ್ ಟರ್ಬೈನುಗಳ ಇದೇ ತೊಂದರೆಯ ಮೇಲೆ ವರ್ಷಗಳಿಂದ ಸಂಶೋಧನೆ ನಡೆದಿದೆ, ವಿದ್ಯುತ್ ಕಾವಿನ ರೈಕೆ ಕೊಳವೆಯನ್ನೂ ಅಲ್ಲಿ ಬಳಸಿದ್ದಾರೆ.

ಹಾಡದಿದ್ದರೆ

ಮೊದಲು ಬಲೆಯ ಬಣ್ಣ ನೋಡಿ. ಮಬ್ಬು ಕೆಂಪೂ ಬಂದಿಲ್ಲವೆಂದರೆ ಇನ್ನೂ ಕಾಯಿಸಬೇಕು. ಬಣ್ಣ ಸರಿಯಿದ್ದೂ ಮೌನವಾದರೆ ಪೈಪು ತಲೆಕೆಳಗಾಗಿರಬಹುದು: ಬಲೆ ಮೇಲಿನಿಂದ 20 ಸೆಂ.ಮೀ.ನಲ್ಲಿದ್ದರೆ ಎಷ್ಟು ಕಾಯಿಸಿದರೂ ಹಾಡದು. ಇದು ನಗಣ್ಯ ತಪ್ಪಲ್ಲ, ಪೈಪಿನ ಹೊರಗೆ ಬಲೆಯ ಜಾಗಕ್ಕೆ ಮಾರ್ಕರ್ ಗೆರೆ ಎಳೆದಿಡಿ.

ಟೀ ಸೋಸುವಂಥ ಸಣ್ಣ ಕಣ್ಣಿನ ಬಲೆ ಸೆಳೆತವನ್ನೇ ಕಟ್ಟಿಹಾಕುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ ಬಲೆಯ ಅರ್ಧದಷ್ಟು ಜಾಗ ತೆರೆದಿರುತ್ತದೆ, ಅದಕ್ಕಿಂತ ಬಿಗಿ ಬೇಡ. ದನಿ ಎದ್ದು ಎರಡೇ ಸೆಕೆಂಡಿಗೆ ಸತ್ತರೆ ತೊಂದರೆ ತದ್ವಿರುದ್ಧ: ಬಲೆಯಲ್ಲಿ ಲೋಹ ಸಾಲದು, ಶಾಖ ಕೂಡಿಡಲಾಗುತ್ತಿಲ್ಲ. ಮೂರನೆಯ ಬಿಲ್ಲೆ ಸೇರಿಸಿ. ಐದಾರು ಸೇರಿಸಿದರೆ ಮತ್ತೆ ಸೆಳೆತ ಕೆಡುತ್ತದೆ.

ಮೊದಲ ಸಲ ಚೆನ್ನಾಗಿ ಹಾಡಿ, ಮೂರನೇ ನಾಲ್ಕನೇ ಸಲಕ್ಕೆ ಮಂಕಾದರೆ ಪೈಪಿನ ಕೆಳಭಾಗ ಕಾದಿದೆ, ಬಲೆಗೆ ಬರುವ ಗಾಳಿ ದಾರಿಯಲ್ಲೇ ಬಿಸಿಯಾಗುತ್ತಿದೆ ಎಂದರ್ಥ. ಹತ್ತು ನಿಮಿಷ ಬಿಡಿ.

ಪೈಪಿನ ನಡುಭಾಗದಲ್ಲಿ ತೂತಿದ್ದರೆ ಒತ್ತಡ ಕಟ್ಟುವುದೇ ಇಲ್ಲ. ಇದನ್ನೇ ಉಪಯೋಗಕ್ಕೂ ತರಬಹುದು: 40 ಸೆಂ.ಮೀ.ನಲ್ಲಿ 8 ಮಿ.ಮೀ. ತೂತು ಕೊರೆದು ಬೋಲ್ಟಿನಿಂದ ಮುಚ್ಚಿಡಿ. ಹಾಡುತ್ತಿರುವಾಗ ಬೋಲ್ಟನ್ನು ಇಕ್ಕಳದಿಂದ ತೆಗೆದರೆ ಒತ್ತಡ ಸೋರಿ ದನಿ ಕುಸಿಯುತ್ತದೆ. ಬಾಯಿಯ ಬಳಿ ಅಂಥದ್ದೇ ತೂತು ಕೊರೆದರೆ ಅಷ್ಟು ಪರಿಣಾಮ ಇಲ್ಲ, ಅಲ್ಲಿ ಒತ್ತಡವೇ ಏರಿಳಿಯುವುದಿಲ್ಲ.

ಹೀಟರನ್ನು 50 ಸೆಂ.ಮೀ.ಗೆ ಏರಿಸಿ ಪೂರ್ತಿ ಶಾಖ ಕೊಟ್ಟಾಗ ಎರಡರಷ್ಟು ಸ್ವರ, ಅಂದರೆ ಮೇಲಿನ ಷಡ್ಜ, ಕೇಳಿದರೆ ಗಾಬರಿ ಬೇಡ. ಅಲ್ಲಿ ಮೂಲ ಸ್ವರ ಅಡಗುತ್ತದೆ, ಎರಡನೆಯ ಸ್ವರಕ್ಕೆ ಮಾತ್ರ ಬಲ ಸಿಗುತ್ತದೆ. ಆದರೆ ಇದಕ್ಕೆ ಹೆಚ್ಚು ಶಾಖ ಬೇಕು, 215 ವ್ಯಾಟಿಗೆ ಬಾರದೆಯೂ ಇರಬಹುದು.

ಗಾಳಿ ಬಿಟ್ಟು ಲೋಹವೇ ಕಂಪಿಸಬೇಕೆಂದರೆ

1829ರಲ್ಲಿ ಆರ್ಥರ್ ಟ್ರೆವೆಲಿಯನ್ ಕಾದ ಕಬ್ಬಿಣದ ಉಪಕರಣವೊಂದನ್ನು ಸೀಸದ ಗಟ್ಟಿಗೆ ಒರಗಿಸಿದಾಗ ಅದು ಕೀರಲು ಸ್ವರ ಹೊರಡಿಸಿತು. ಇದನ್ನು ಮಾಡಲು 12 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಹಿತ್ತಾಳೆ ಅಥವಾ ತಾಮ್ರದ ಗಟ್ಟಿ ಸಾಕು. ಅದರ ಕೆಳಬದಿಯನ್ನು ಇಳಿಜಾರಾಗಿ ಉಜ್ಜಿ, ನಡುವೆ ಉದ್ದಕ್ಕೆ ಸಣ್ಣ ತೋಡು ತೆಗೆದು, 2–3 ಮಿ.ಮೀ. ಅಂತರದ ಎರಡು ಏಣು ಉಳಿಸಿ. ಹಿಂದಕ್ಕೆ ಉದ್ದನೆಯ ಹಿಡಿಕೆ, ಅದರ ತುದಿ ಮೇಜಿನ ಮೇಲೆ ಕೂರಲಿ. ಗಟ್ಟಿಯನ್ನು ಕಾಯಿಸಿ ಏಣುಗಳನ್ನು ಸೀಸದ ದುಂಡು ಅಂಚಿನ ಮೇಲೆ ಇಟ್ಟರೆ ಎರಡು ಏಣುಗಳ ನಡುವೆ ತೊಟ್ಟಿಲಿನ ಹಾಗೆ ತೂಗುತ್ತದೆ. ತೂಗು ವೇಗವಾದಾಗ ಅದೇ ಸ್ವರವಾಗಿ ಕೇಳುತ್ತದೆ. ಏಣು ತಾಗಿದ ಜಾಗದಲ್ಲಿ ಸೀಸ ತಟ್ಟನೆ ಉಬ್ಬಿ ಆ ಬದಿಯನ್ನು ಎತ್ತುತ್ತದೆ, ಭಾರ ಇನ್ನೊಂದು ಏಣಿಗೆ ಬೀಳುತ್ತದೆ, ಅಷ್ಟರಲ್ಲಿ ಮೊದಲ ಉಬ್ಬು ತಣಿದು ಕುಗ್ಗುತ್ತದೆ.

ಸೀಸವೇ ಏಕೆಂದರೆ ಅದು ಕಬ್ಬಿಣದ ಎರಡರಷ್ಟಕ್ಕಿಂತ ಹೆಚ್ಚು ಹಿಗ್ಗುತ್ತದೆ, ಶಾಖ ಸಾಗಿಸುವುದರಲ್ಲಿ ತಾಮ್ರದ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಹಾಗಾಗಿ ಉಬ್ಬು ಹರಡದೆ ತಾಗಿದಲ್ಲೇ ಏಳುತ್ತದೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಗಟ್ಟಿ ಅದಕ್ಕಿಂತ ಚೆನ್ನಾಗಿ ಕೆಳಗಿರಲಿ, ಕೆಂಪಾಗುವ ಮಾತೇ ಇಲ್ಲ. ತೂಗದಿದ್ದರೆ ಬಹುಪಾಲು ಕಾರಣ ಸೀಸದ ಮೇಲಿನ ಬೂದು ಪೊರೆ. ಪ್ರತಿ ಸಲ ಇಡುವ ಮುಂಚೆ ಅಂಚನ್ನು ಚಾಕುವಿನಿಂದ ಹೊಳಪು ಬರುವವರೆಗೆ ಕೆರೆಯಿರಿ, ಏಣುಗಳ ಮಸಿ ಒರೆಸಿ, ಬೆರಳಿನಿಂದ ಒಮ್ಮೆ ಹಿಡಿಕೆಯನ್ನು ತಟ್ಟಿ. ಕೆರೆದ ಸೀಸದ ಪುಡಿಯನ್ನು ಊದಬೇಡಿ, ಒದ್ದೆ ಕಾಗದದಿಂದ ಬಳಿದು ತೆಗೆಯಿರಿ, ಕೈಗಳನ್ನು ಸೋಪು ಹಾಕಿ ತೊಳೆದ ಮೇಲೆಯೇ ಊಟಕ್ಕೆ ಕುಳಿತುಕೊಳ್ಳಿ.